ಬೊಂಬೆಯ ಕೊರಳಿನ ಚೀಟಿ

"ಆ ಚೀಟಿ ಮೇಲೆ ಮನ್ಷರ ಹೆಸ್ರು ಮಾತ್ರ ಬರೀಬೇಡಿ ಸ್ವಾಮಿ. ಕೋರ್ಟಿನ ಹೆಸ್ರು ಬರೀರಿ. ಮೊದ್ಲಿಂದ ಹಂಗೇ ನಡ್ಕಂಡ್ ಬಂದೈತೆ."

ಕೋರ್ಟಿನ ಜವಾನ ಬೆಳ್ಳಪ್ಪ ಬಾಗಿಲ ಹೊರಗೇ ನಿಂತು ಇಷ್ಟು ಹೇಳಿದ. ಒಳಗೆ ಕೂತಿದ್ದ ಶಿರಸ್ತೇದಾರ ರಾಮಚಂದ್ರಪ್ಪ ನಕ್ಕ. ನಗುವಂಥ ಮಾತಲ್ಲ ಅದು ಎಂದು ಅವನಿಗೆ ಹೇಳುವವರು ಯಾರು? ಕೋಲಾರದಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು, ಅಷ್ಟರಲ್ಲೇ ಈ ಕಡೆಯ ಜನರೆಲ್ಲ ಅಂಜುಬುರುಕರು ಎಂದು ತೀರ್ಮಾನಿಸಿಬಿಟ್ಟಿದ್ದ. ಕಾಯಿದೆ ಬಲ್ಲವನನ್ನು ಮಾಟ ಏನು ಮಾಡೀತು ಎಂಬುದು ಅವನ ವಾದ.

ಊರಿನ ಹೆಸರು ಬೇಡ. ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ಎಲ್ಲೋ ಒಂದು ಸಣ್ಣ ಪೇಟೆ ಅಂದುಕೊಳ್ಳಿ. ಸಾವಿರದ ಒಂಬೈನೂರ ಅರವತ್ತಾರನೇ ಇಸವಿ, ಮೇ ತಿಂಗಳ ಕೊನೆ. ಮಳೆ ಇನ್ನೂ ಬಂದಿರಲಿಲ್ಲ. ಬೇಸಿಗೆ ರಜೆ ಮುಗಿಯುವುದರೊಳಗೆ ಕೋರ್ಟನ್ನು ಹಳೆಯ ಕಲ್ಲಿನ ಕಟ್ಟಡದಿಂದ ಬಸ್ ಸ್ಟ್ಯಾಂಡಿನಾಚೆಯ ಹೊಸ ತಾರಸಿ ಕಟ್ಟಡಕ್ಕೆ ಸಾಗಿಸಬೇಕಿತ್ತು. ಅವತ್ತು ಗುರುವಾರ. ಪೊಲೀಸರು ಹಿಡಿದು ತಂದ ಸಾಮಾನು ಇಡುವ ಕೋಣೆಯ ಬಾಗಿಲು ತೆಗೆಸಿ ರಾಮಚಂದ್ರಪ್ಪ ಪಟ್ಟಿ ಮಾಡುತ್ತಿದ್ದ. ಬಾವಲಿ ಹಿಕ್ಕೆಯ ನಾತ, ತುಕ್ಕು ಹಿಡಿದ ಕತ್ತಿಗಳ ವಾಸನೆ. ಮೂಲೆಯ ತಗಡಿನ ಪೆಟ್ಟಿಗೆಯಲ್ಲಿ ಕಾಸರಕನ ಮರದಲ್ಲಿ ಕೆತ್ತಿದ ಗೇಣುದ್ದದ ಬೊಂಬೆ ಇತ್ತು. ಬಲ ಮೊಣಕಾಲಿಗೊಂದು, ಹೊಟ್ಟೆಗೊಂದು, ಗಂಟಲಿಗೊಂದು ಕಾರೆ ಮುಳ್ಳು ಚುಚ್ಚಿದ್ದರು. ಐವತ್ತು ವರ್ಷದ ಹಿಂದಿನ ಬೊಂಬೆ, ಮುಟ್ಟಿದರೆ ಬೆರಳಿಗೆ ಎಣ್ಣೆ ಹತ್ತುತ್ತಿತ್ತು. ಅದರ ಕೊರಳಿನ ಕಪ್ಪು ದಾರಕ್ಕೆ ಕಟ್ಟಿದ್ದ ಚೀಟಿಯನ್ನು ಗೆದ್ದಲು ತಿಂದಿತ್ತು.

"ಇದು ಯಾವ ಕೇಸಿಂದು?"

"ಹುಲಿಯಮ್ಮ ಅಂತ ಒಬ್ಳು ಇದ್ಲಂತೆ. ಗದ್ದೆ ಜಗಳಕ್ಕೆ ಭಾವನ ಮೇಲೆ ಮಾಟ ಮಾಡ್ಸಿದ್ಲು. ಭಾವನ ಹೆಸ್ರು ಬರ್ದು ಅದರ ಕೊರಳಿಗೆ ಕಟ್ಟಿದ್ಲು. ಅವ್ನು ಕಂಪ್ಲೇಂಟ್ ಕೊಟ್ಟ. ಪೊಲೀಸ್ನೋರು ಬೊಂಬೆ ತಂದು ಅವನ ಹೆಸ್ರು ಬಿಚ್ಚಿದ್ರು, ಕೋರ್ಟಿನ ಸ್ವತ್ತು ಅಂತ ಚೀಟಿ ಬರ್ದು ಕಟ್ಟಿದ್ರು." ಬೆಳ್ಳಪ್ಪ ದನಿ ತಗ್ಗಿಸಿದ. "ಭಾವ ಬದುಕ್ದ. ಕೋರ್ಟಿಗೆ ಹತ್ಕಂತು."

ಅವನ ಅಪ್ಪನೂ ಇದೇ ಕೋರ್ಟಿನ ಜವಾನ. ಅಪ್ಪ ಕಂಡದ್ದನ್ನೆಲ್ಲ ಬೆಳ್ಳಪ್ಪ ಹೇಳಿದ. ಮೊದಲ ಕೋರ್ಟು ಹುಲ್ಲು ಹೊದಿಸಿದ ಚಾವಡಿ. ಬೊಂಬೆ ಬಂದ ವರ್ಷವೇ ನಡುಹಗಲಲ್ಲಿ ಹತ್ತಿ ಉರಿಯಿತು. ಹುಲಿಯಮ್ಮನ ಕೇಸಿನ ಕಡತ ಬೂದಿಯಾಯಿತು, ಬೊಂಬೆ ಬೂದಿಯೊಳಗೆ ಹಾಗೇ ಸಿಕ್ಕಿತು. ಕಡತವಿಲ್ಲದೆ ಅದನ್ನು ನಾಶಮಾಡಲು ಹುಕುಂ ಬರೆಯುವವರು ಯಾರು? ಎರಡನೆಯದು ಸಾಹುಕಾರರೊಬ್ಬರ ಬಾಡಿಗೆ ಮನೆ. ಹದಿನೆಂಟು ವರ್ಷಕ್ಕೆ ತೊಲೆ ಮುರಿದು ಮಾಡು ಕುಸಿಯಿತು. ಮೂರನೆಯದು ಈ ಕಲ್ಲಿನ ಕಟ್ಟಡ, ಗೋಡೆ ಮೇಲಿಂದ ಕೆಳಕ್ಕೆ ಬಾಯಿಬಿಟ್ಟಿದೆ ಎಂದೇ ಖಾಲಿ ಮಾಡುತ್ತಿರುವುದು.

"ಕೋರ್ಟಿಗೆ ಜೀವ ಇಲ್ಲ ಸ್ವಾಮಿ, ಅದ್ಕೆ ಕಟ್ಟಡ ಹೋಗ್ತೈತೆ. ಜೀವ ಇರೋರ ಹೆಸ್ರು ಕಟ್ಟಿದ್ರೆ..."

"ಬೆಂಕಿ ಬಿದ್ದರೆ ಹುಲ್ಲು ಉರಿಯುತ್ತೆ, ಗೆದ್ದಲು ಹಿಡಿದರೆ ತೊಲೆ ಮುರಿಯುತ್ತೆ. ನಿನ್ನ ಬೊಂಬೆಗೇನಯ್ಯ ಅದರಲ್ಲಿ ಪಾಲು?" ಎಂದು ರಾಮಚಂದ್ರಪ್ಪ ಪೆನ್ನು ತೆಗೆದ. ಸಾಮಾನು ಯಾರ ವಶದಲ್ಲಿದೆಯೋ ಅವರ ಹೆಸರು ಬರೆಯಬೇಕೆಂದು ಹೊಸ ನಿಯಮ ಬಂದಿತ್ತು. ಬರೆದ. ರಾಮಚಂದ್ರಪ್ಪ, ಶಿರಸ್ತೇದಾರ. ದಾರಕ್ಕೆ ಕಟ್ಟಿ ಗಂಟು ಬಿಗಿದ. ಸಂಜೆಯೊಳಗೆ ಪೆಟ್ಟಿಗೆಯನ್ನು ತಾನೇ ಹೊಸ ಕಟ್ಟಡಕ್ಕೆ ಸಾಗಿಸಿದ.

ರೂಮಿಗೆ ಮರಳುವಾಗ ಪೇಟೆಯ ನಡುವೆ ಬಲ ಮೊಣಕಾಲು ಚಳಕ್ ಎಂದಿತು. ಚಪ್ಪಲಿ ಬಿಟ್ಟು, ರಸ್ತೆಯಲ್ಲೇ ಕಾಲು ಹಿಡಿದು ಕೂತ. ಉಳುಕಿರಬೇಕು ಎಂದುಕೊಂಡ. ಶುಕ್ರವಾರ ಊಟಕ್ಕೆ ಕೂತಾಗ ಹೊಟ್ಟೆಯೊಳಗೆ ಏನೋ ನೆಟ್ಟಗೆ ಇಳಿಯಿತು. ಡಾಕ್ಟರು ಅಮುಕಿ ನೋಡಿದರು, ಏನೂ ಕಾಣಲಿಲ್ಲ, ಬಾಟಲಿಯಲ್ಲಿ ಬಿಳಿ ಔಷಧಿ ಕೊಟ್ಟರು. ಅದು ಒಳಗೆ ನಿಲ್ಲಲಿಲ್ಲ. ಕೂತರೆ ಆಗದು, ಮಲಗಿದರೆ ಆಗದು, ಮೊಣಕಾಲು ಎಳೆದುಕೊಂಡು ಗೋಡೆಯಿಂದ ಗೋಡೆಗೆ ತಿರುಗಿದ. ಶನಿವಾರ ಬೆಳಿಗ್ಗೆ ಉಗುಳು ನುಂಗಲು ಹೋದ. ಇಳಿಯಲಿಲ್ಲ. ಆಗ ಹೆದರಿದ. ಹೆಂಡತಿ, ಮಕ್ಕಳು ಕೋಲಾರದಲ್ಲಿದ್ದರು. ತಾನು ಇಲ್ಲೇ ಸಾಯುತ್ತೇನೆ ಎಂದು ಅವನಿಗೆ ಖಾತ್ರಿಯಾಯಿತು.

ಬೆಳ್ಳಪ್ಪ ಕರೆಸಿಕೊಳ್ಳದೆಯೇ ಬಂದ. ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊಸ ಕಟ್ಟಡಕ್ಕೆ ತುಳಿದ.

ಹಸಿ ಸುಣ್ಣದ ವಾಸನೆ. ಕಿಟಕಿಗಳಿಗೆ ಇನ್ನೂ ಕಾಗದ ಅಂಟಿಸಿತ್ತು. ರಾಮಚಂದ್ರಪ್ಪ ಪೆಟ್ಟಿಗೆ ತೆಗೆದು ಚೀಟಿ ಹರಿದ. ಗಂಟಲು ಇನ್ನಷ್ಟು ಬಿಗಿಯಿತು. ದಾರ ಬಿಚ್ಚಲು ಹೋದ. ಗಂಟು ಸಿಗಲೇ ಇಲ್ಲ. ಉಸಿರು ಸೀಟಿ ಹೊಡೆಯಿತು.

"ಹರಿದ್ರೆ ಹೋಗಲ್ಲ. ಇನ್ನೊಂದು ಹೆಸ್ರು ಕಟ್ಟೋತಂಕ ಕಡೇ ಹೆಸ್ರೇ ಅದ್ರದ್ದು. ಬರೀರಿ, ಕೋರ್ಟು ಅಂತ ಬರೀರಿ."

ರಾಮಚಂದ್ರಪ್ಪ ಸುತ್ತಲ ಹೊಸ ಗೋಡೆಗಳತ್ತ ಕೈ ತೋರಿಸಿದ.

"ಕಟ್ಟಡ ಹೋದ್ರೆ ಇನ್ನೊಂದು ಕಟ್ತಾರೆ. ಅದಕ್ಕೂ ವರ್ಷಗಟ್ಲೆ ಹಿಡೀತೈತೆ, ಅಷ್ಟರೊಳಗೆ ಏನಾದ್ರೂ ಮಾಡಾನ. ನಿಮ್ಮನ್ನ ಯಾರು ಕಟ್ತಾರೆ? ಬರೀರಿ."

ಬರೆದ. ಅಕ್ಷರ ಓರೆಯಾದವು. ಬೆಳ್ಳಪ್ಪ ತಾನೇ ಅದನ್ನು ದಾರಕ್ಕೆ ಕಟ್ಟಿದ.

ಗಂಟಲು ಬಿಟ್ಟಿತು. ಹೊಟ್ಟೆ ಹಗುರಾಯಿತು. ಮೊಣಕಾಲು ಮಡಿಸಿ ನೋಡಿದ, ನೋವಿಲ್ಲ. ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟ. ಬೆಳ್ಳಪ್ಪ ನೀರು ತಂದು ಕೊಟ್ಟ.

"ನಾನು ಹೋಗಿ ಒಂಚೂರು ಮಲಕ್ಕಂತೀನಿ ಸ್ವಾಮಿ. ನೀವು ಚೀಟಿ ಕಟ್ಟಿದಾಗಿಂದ ಕಣ್ಣು ಮುಚ್ಚಿಲ್ಲ. ಇನ್ಮೇಲೆ ಕೋರ್ಟು ಅಂದ್ರೆ ಇದೇ ಅಲ್ವಾ? ಹಳೇದರ ಹೆದ್ರಿಕೆ ಕಳೀತು."

ರಾಮಚಂದ್ರಪ್ಪ ತಲೆಯಾಡಿಸಿದ. ಬೆಳ್ಳಪ್ಪನೂ ಅವನ ಹೆಂಡತಿ ತುಂಗಮ್ಮನೂ ಹಳೆಯ ಕೋರ್ಟಿನ ಹಿಂದಿನ ಕೋಣೆಯಲ್ಲೇ ಮೂವತ್ತು ವರ್ಷದಿಂದ ಸಂಸಾರ ಮಾಡಿಕೊಂಡಿದ್ದರು. ಸೈಕಲ್ಲು ಕಿರ್ ಕಿರ್ ಎನ್ನುತ್ತ ಹೋಯಿತು.

ಮುಖ ಒರೆಸಿಕೊಂಡು ಎದ್ದಾಗ ಬಾಗಿಲಿಗೆ ಅಂಟಿಸಿದ್ದ ಹುಕುಂ ಕಂಡಿತು. ಅವನೇ ಬರೆದು ಮುನ್ಸೀಫರ ರುಜು ಹಾಕಿಸಿದ್ದು. ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಯಿಂದ ಕೋರ್ಟು ಈ ಕಟ್ಟಡದಲ್ಲಿ ನಡೆಯತಕ್ಕದ್ದು. ಅಲ್ಲಿಯವರೆಗೆ ಹಳೆಯ ಕಟ್ಟಡವನ್ನೇ ಕೋರ್ಟೆಂದು ಭಾವಿಸತಕ್ಕದ್ದು.

ಅವತ್ತು ಶನಿವಾರ.

ಹಳೆಯ ಕಟ್ಟಡದ ಗೋಡೆ ಮೊದಲೇ ಬಿರಿದಿದೆ. ಅದಕ್ಕೆ ಇನ್ನು ವರ್ಷಗಟ್ಟಲೆ ಯಾಕೆ ಬೇಕು? ಪೆನ್ನು ಜೇಬಿನಲ್ಲಿತ್ತು. ಬೊಂಬೆ ಎದುರಿಗಿತ್ತು. ತನ್ನ ಹೆಸರು ಮತ್ತೆ ಬರೆದರೆ ಸಾಕಿತ್ತು. ರಾಮಚಂದ್ರಪ್ಪನ ಕೈ ಜೇಬಿನ ತನಕ ಹೋಯಿತು. ಗಂಟಲಿನ ಮುಳ್ಳು ನೆನಪಾಯಿತು. ಕೈ ವಾಪಸು ಬಂತು.

ಓಡಿದ. ಪಂಚೆ ಎತ್ತಿ ಕಟ್ಟಿ ಓಡಿದ. ಬಸ್ ಸ್ಟ್ಯಾಂಡು ದಾಟಿದ. ಜನ ನೋಡಿದರು. ಮಟಮಟ ಮಧ್ಯಾಹ್ನ, ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಮೊಣಕಾಲು ಎಷ್ಟು ಚೆನ್ನಾಗಿ ಓಡುತ್ತಿತ್ತು. ಹಳೆಯ ಕೋರ್ಟಿನ ಗೇಟು ಕಂಡಿತು. ಗೋಡೆಗೆ ಒರಗಿಸಿದ್ದ ಸೈಕಲ್ಲು ಕಂಡಿತು. "ಬೆಳ್ಳಪ್ಪ" ಎಂದು ಕೂಗಿದ. ಒಳಗಿಂದ ಗೊರಕೆ ಕೇಳಿತು. ಮತ್ತೆ ಕೂಗಿದ. ಗೊರಕೆ ನಿಂತಿತು. "ಸ್ವಾಮಿ?" ಎಂಬ ನಿದ್ದೆಗಣ್ಣಿನ ದನಿ ಬಂತು. ಸೂರಿನಿಂದ ಒಂದು ಹೆಂಚು ಜಾರಿತು. ಇನ್ನೊಂದು ಜಾರಿತು. ಆಮೇಲೆ ಗೋಡೆ ಒಳಕ್ಕೆ ಮಗುಚಿತು.

ಧೂಳು ಇಳಿಯಲು ಬಹಳ ಹೊತ್ತು ಬೇಕಾಯಿತು. ಕಲ್ಲು ತೆಗೆಸಲು ಸಂಜೆಯಾಯಿತು. ತುಂಗಮ್ಮ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು, ಅದರಿಂದ ಉಳಿದಳು. ಇನ್ನೇನೂ ಆಗಲ್ಲ ಕಣೇ ಅಂತ ಹೇಳಿ ಮಲಗಿದ್ರು ಎಂದು ಬಂದವರಿಗೆಲ್ಲ ಹೇಳಿದಳು. ರಾಮಚಂದ್ರಪ್ಪ ಅವಳ ಮುಖ ನೋಡಲಿಲ್ಲ.

ಸೋಮವಾರ ಹನ್ನೊಂದಕ್ಕೆ ಹೊಸ ಕೋರ್ಟು ಶುರುವಾಯಿತು. ಬೊಂಬೆಯ ಕೊರಳಲ್ಲಿ ಕೋರ್ಟಿನ ಚೀಟಿ ಹಾಗೇ ಇತ್ತು. ಮುನ್ಸೀಫರು ಒಳ್ಳೆಯ ಮನುಷ್ಯ. ತುಂಗಮ್ಮನನ್ನು ಕರೆಸಿದರು, ಕಸ ಗುಡಿಸುವ ಕೆಲಸ ಕೊಟ್ಟರು, ಹೊಸ ಕಟ್ಟಡದ ಹಿಂದಿನ ಕೋಣೆಯಲ್ಲೇ ಇರಲಿ ಎಂದರು. ಹುಕುಂ ಬರೆಯಲು ಶಿರಸ್ತೇದಾರನಿಗೆ ಹೇಳಿದರು.

"ಬೇಡ ಸ್ವಾಮಿ, ಆ ಕೋಣೆ ಬೇಡ," ಎಂದ ರಾಮಚಂದ್ರಪ್ಪ.

"ಯಾಕ್ರೀ?"

ಯಾಕೆಂದು ಹೇಳುವುದು? ಹೇಳಿದರೆ ಚೀಟಿಯ ಮಾತು ಬರುತ್ತದೆ, ಚೀಟಿಯ ಮಾತು ಬಂದರೆ ಶನಿವಾರದ ಮಾತು ಬರುತ್ತದೆ. ತಲೆ ತಗ್ಗಿಸಿ ಹುಕುಂ ಬರೆದ. ಆ ಸಂಜೆ ಬೊಂಬೆಯ ಪೆಟ್ಟಿಗೆ ತೆಗೆದು ಎದುರಿಗಿಟ್ಟುಕೊಂಡು ಕತ್ತಲಾಗುವವರೆಗೆ ಕೂತ. ಹೊಸ ಚೀಟಿ ಕತ್ತರಿಸಿದ. ಪೆನ್ನಿನ ಮುಚ್ಚಳ ತೆಗೆದ. ಹಿಂದಿನ ಕೋಣೆಯಲ್ಲಿ ತುಂಗಮ್ಮ ಒಲೆ ಹೂಡುವ ಸದ್ದು ಕೇಳುತ್ತಿತ್ತು. ಅವನಿಂದ ತನ್ನ ಹೆಸರು ಬರೆಯಲಾಗಲಿಲ್ಲ. ಹೇಡಿ ಅನ್ನಿ, ನಾನೂ ಅನ್ನುತ್ತೇನೆ. ಆದರೆ ಆ ಮುಳ್ಳು ನನ್ನ ಗಂಟಲಿಗೂ ಇಳಿದಿಲ್ಲ, ನಿಮ್ಮ ಗಂಟಲಿಗೂ ಇಳಿದಿಲ್ಲ.

ವರ್ಗಕ್ಕೆ ಅರ್ಜಿ ಹಾಕಿಕೊಂಡ. ಆಗಸ್ಟಿನಲ್ಲಿ ಮಂಜೂರಾಯಿತು. ಅವನು ಹೊರಡುವ ದಿನ ತುಂಗಮ್ಮ ಬಸ್ ಸ್ಟ್ಯಾಂಡಿಗೆ ಬಂದಳು. ಬಾಳೆಲೆಯಲ್ಲಿ ಕಡುಬು ಕಟ್ಟಿಕೊಂಡು ಬಂದಿದ್ದಳು.

"ಕಲ್ಲಿನಂಥ ಕೋಣೆ ಸ್ವಾಮಿ, ಒಂದು ಹನಿ ಸೋರಲ್ಲ," ಎಂದಳು. "ಹುಕುಂ ನೀವೇ ಬರ್ದಿದ್ದಂತೆ, ಮುನ್ಸೀಫ್ರು ಹೇಳಿದ್ರು. ನಿಮ್ಮ ಉಪಕಾರ ನಾನು ಇರೋತಂಕ ಮರೆಯಲ್ಲ."