ಹುಡುಕಿದ ಹೆಸರು

"ಬೆರಳನ್ನ ಇಲ್ಲಿಡಿ. ಫೋನ್ ಲಾಕ್ ಆಗುತ್ತೆ," ಎಂದು ಪ್ರೇಕ್ಷಾ ಹಿಂದಿಯಲ್ಲಿ ಹೇಳಿದಳು.

ಎದುರಿಗಿದ್ದವನು ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ!

"ಹತ್ತೂ ಬೆರಳಿನ ಗುರುತು ಸರ್ಕಾರದ ಹತ್ರ ಉಂಟು. ಇನ್ನು ಈ ಡಬ್ಬಿಗೂ ಕೊಡ್ಬೇಕಾ?" ಗೊಣಗಿದ್ದು ಕನ್ನಡದಲ್ಲಿ.

"ಬೇಡ ಮಾರಾಯ್ರೆ. ನಂಬರ್ ಹಾಕಿದ್ರೂ ಆಗ್ತದೆ," ಎಂದಳು ಪ್ರೇಕ್ಷಾ, ಕನ್ನಡದಲ್ಲೇ.

ಅವನು ಥಟ್ಟನೆ ತಲೆ ಎತ್ತಿದ. ಆ ಕಣ್ಣುಗಳಲ್ಲಿ ನಾಚಿಕೆಯಿತ್ತು, ಜೊತೆಗೆ ಏನೋ ಒಂದು ನಿರಾಳ. ಪ್ರೇಕ್ಷಾಳ ಎದೆಯಲ್ಲಿ ಸಣ್ಣದೊಂದು ಅಲುಗಾಟ...

ಕಲ್ಯಾಣ್ ಪೂರ್ವದ ಎರಡು ಕೋಣೆಯ ಆ ಕೇಂದ್ರಕ್ಕೆ ಬರುವವರೆಲ್ಲ ಜೈಲಿನಿಂದ ಹೊರಬಂದವರು. ಅವರಿಗೆ ಫೋನ್, ಇಮೇಲ್, ಆನ್‌ಲೈನ್ ಅರ್ಜಿ ಕಲಿಸುವುದು ಅವಳ ಕೆಲಸ. ಇವನ ಹೆಸರು ಲತೇಶ್ ಕೋಟ್ಯಾನ್. ಕಾರ್ಕಳದ ಕಡೆಯವನು, ಡೊಂಬಿವಲಿಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವನು. ಏಳು ವರ್ಷ ಒಳಗಿದ್ದು ಬಂದಿದ್ದ.

ಯಾಕೆ ಎಂದು ಕೇಳುವಂತಿಲ್ಲ. ಕೇಂದ್ರದ ಮುಖ್ಯಸ್ಥ ಸುದರ್ಶನ್ ಸರ್ ಮೊದಲ ದಿನವೇ ಹೇಳಿದ್ದರು. "ಅವರ ಕೇಸು ನಮಗೆ ಬೇಡ. ಕೇಳಬಾರದು, ಹುಡುಕಬಾರದು. ಅವರಾಗಿ ಹೇಳಿದರೆ ಮಾತ್ರ ಕೇಳಿಸಿಕೊಳ್ಳಿ."

ಎರಡು ತಿಂಗಳು ಲತೇಶ್ ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ಇಮೇಲ್ ಅವಳಿಗೇ ಬರೆದ. 'ಮೇಡಂ, ಇದು ತಲುಪಿತಾ?' ಅಷ್ಟೇ. ಅವಳು ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ನಿಂತು ಅದನ್ನು ನಾಲ್ಕು ಸಲ ಓದಿದಳು!

'ಏನಾಗ್ತಿದೆ ನನಗೆ? ನಾನು ಕಲಿಸುವವಳು... ಅವನು ಯಾರು, ಏನು ಮಾಡಿದ್ದ, ಒಂದೂ ಗೊತ್ತಿಲ್ಲ.'

ಆ ಗೊತ್ತಿಲ್ಲದಿರುವುದೇ ಅವಳನ್ನು ಕೊರೆಯತೊಡಗಿತು. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ತನ್ನ ಲ್ಯಾಪ್‌ಟಾಪ್ ತೆರೆದು ಅವನ ಹೆಸರು ಹಾಕಿ ಹುಡುಕಿದಳು.

ಹಳೆಯ ಮರಾಠಿ ಸುದ್ದಿ, ಆರೇ ಸಾಲು. 'ಹಳೆ ದ್ವೇಷದಿಂದ ಸಹೋದ್ಯೋಗಿಯ ಹತ್ಯೆ. ಅಡುಗೆಯವನ ಬಂಧನ.'

ಹೆಸರಿನ ಜೊತೆ ಡೊಂಬಿವಲಿ, ಹೋಟೆಲ್, ಕೊಲೆ ಎಂದು ಸೇರಿಸಿ ಮತ್ತೆ ಹುಡುಕಿದರೂ ಬೇರೇನೂ ಸಿಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದವಳಿಗೆ ಊಟ ಸೇರಲಿಲ್ಲ.

ಮರುವಾರ ಕ್ಲಾಸಿನಲ್ಲಿ ಅವನ ಕಂಪ್ಯೂಟರ್ ಹ್ಯಾಂಗ್ ಆಯಿತು. "ನನ್ನದರಲ್ಲಿ ಮಾಡಿ," ಎಂದು ಅವಳು ಯೋಚಿಸದೆ ಲ್ಯಾಪ್‌ಟಾಪ್ ಅವನ ಮುಂದಿಟ್ಟಳು. ಗೋದಾಮಿನ ಕೆಲಸಕ್ಕೆ ಅರ್ಜಿ ಹಾಕುವ ಮೊದಲು, ಬೇರೆಯವರಿಗೆ ತನ್ನ ಬಗ್ಗೆ ಇಂಟರ್‌ನೆಟ್‌ನಲ್ಲಿ ಏನು ಕಾಣುತ್ತದೆ ಎಂದು ನೋಡಲು ಅವನು ತನ್ನ ಹೆಸರು ಒತ್ತತೊಡಗಿದ. ಮೂರನೇ ಅಕ್ಷರಕ್ಕೇ ಕೆಳಗೆ ಪೂರ್ತಿ ಸಾಲು ಇಳಿಯಿತು.

ಲತೇಶ್ ಕೋಟ್ಯಾನ್ ಡೊಂಬಿವಲಿ ಹೋಟೆಲ್ ಕೊಲೆ.

ಅವನ ಬೆರಳು ನಿಂತಿತು.

"ಮೇಡಂ... ಇದು ಮೆಷಿನ್ ತಾನಾಗಿ ಬರೀತದಾ?"

ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ.

"ಇಲ್ಲ. ಇದರಲ್ಲಿ ಯಾರಾದ್ರೂ ಮೊದಲೇ ಹುಡುಕಿದ್ರೆ... ಬರ್ತದೆ."

ಅವನು ಮೆಲ್ಲನೆ ಎದ್ದ. ಕುರ್ಚಿಯನ್ನು ಶಬ್ದವಾಗದಂತೆ ಮೇಜಿನಡಿಗೆ ಸರಿಸಿದ.

"ಜೈಲಿನವರಿಗೆ, ಕೋರ್ಟಿನವರಿಗೆ, ಎಲ್ಲರಿಗೂ ನಾನು ಒಂದು ಕೇಸು. ಇಲ್ಲಿ ಮಾತ್ರ ಅಲ್ಲ ಅಂದ್ಕೊಂಡಿದ್ದೆ."

"ಲತೇಶ್, ಒಂದ್ನಿಮಿಷ...!"

ಅವನು ತಿರುಗಿ ನೋಡಲಿಲ್ಲ.

ಅಂದಿನಿಂದ ಅವನ ಫೋನ್ ಸ್ವಿಚ್ ಆಫ್. ಗೋದಾಮಿನ ಅರ್ಜಿ ಅರ್ಧಕ್ಕೇ ಉಳಿಯಿತು. ಹತ್ತು ದಿನ ಕಳೆದ ಮೇಲೆ ಪ್ರೇಕ್ಷಾ ಸುದರ್ಶನ್ ಸರ್ ಎದುರು ನಿಂತು ಎಲ್ಲವನ್ನೂ ಹೇಳಿದಳು. ಹುಡುಕಿದ್ದನ್ನು ಮಾತ್ರವಲ್ಲ, ಯಾಕೆ ಹುಡುಕಿದಳೆಂಬುದನ್ನೂ.

"ಇನ್ನು ಆ ಕ್ಲಾಸು ನಿಮಗಿಲ್ಲ. ಆಫೀಸ್ ಕೆಲಸ ನೋಡಿ," ಎಂದರು. ಆಮೇಲೆ ದನಿ ತಗ್ಗಿಸಿದರು. "ಅವನ ವಿಳಾಸ ನಾನು ಕೊಡಲ್ಲ. ನೀವು ಬರೋದು ಅವನಿಗೆ ಬೇಕಾ ಅಂತ ಕೇಳ್ತೀನಿ."

ಐದನೇ ದಿನ ಉತ್ತರ ಬಂತು. ದಿವಾ ಸ್ಟೇಷನ್ ಹತ್ತಿರದ ಕ್ಯಾಂಟೀನು, ಭಾನುವಾರ ಮೂರು ಗಂಟೆ.

ಕ್ಯಾಂಟೀನಿನ ಹಿಂಬದಿಯಲ್ಲಿ ಅವನು ಪಾತ್ರೆ ತೊಳೆಯುತ್ತಿದ್ದ. ಅವಳನ್ನು ಕಂಡು ಒಂದು ಸ್ಟೂಲು ಒರೆಸಿ ಇಟ್ಟ.

"ಕ್ಷಮಿಸಿ ಲತೇಶ್. ನಾನು ನಿಮ್ಮನ್ನೇ ಕೇಳ್ಬೇಕಿತ್ತು."

"ಈಗ ಕೇಳಿ."

ಕೇಳಲು ಧೈರ್ಯ ಬೇಕಾಯಿತು. "ಏನಾಯ್ತು ಅವತ್ತು?"

"ಭುಜಂಗ ಅಂತ. ನನ್ನ ಜೊತೆ ಅದೇ ರೂಮಲ್ಲಿ ಮಲಗ್ತಿದ್ದ. ಅವನ ಮಗಳ ನಾಮಕರಣಕ್ಕೆ ಊರಿಗೆ ಹೋಗ್ಬೇಕಿತ್ತು, ನನಗೂ ಅದೇ ವಾರ ರಜೆ ಬೇಕಿತ್ತು. ಇಬ್ಬರಲ್ಲಿ ಒಬ್ಬರಿಗೇ ಅಂದ್ರು ಸೇಠ್. ಮಾತಿಗೆ ಮಾತು ಬೆಳೀತು... ದೂಡಿದೆ. ಗ್ರೈಂಡರಿನ ಮೂಲೆ ತಲೆಗೆ ಬಡೀತು. ಮೂರು ದಿನ ಆಸ್ಪತ್ರೆ. ಮತ್ತೆ ಇಲ್ಲ."

"ಪೇಪರಲ್ಲಿ ಹಳೆ ದ್ವೇಷ ಅಂತ..."

"ದ್ವೇಷ ಇರ್ಲಿಲ್ಲ. ಸ್ನೇಹಿತ ಅವನು. ಅದೊಂದು ಸುಳ್ಳು. ಉಳಿದದ್ದೆಲ್ಲ ಸತ್ಯ, ಪ್ರೇಕ್ಷಾ. ದೂಡಿದ್ದು ನಾನೇ. ಬೇಕಂತ ಅಲ್ಲ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ಬರೋದಿಲ್ಲ. ಆ ಮಗುವಿಗೆ ಈಗ ಏಳು ವರ್ಷ."

ದಾರಿಯುದ್ದಕ್ಕೂ ಅವಳು ಬೇಡಿಕೊಂಡಿದ್ದು ಒಂದೇ ಮಾತು... 'ಅದು ನಾನಲ್ಲ' ಎಂದು ಅವನು ಹೇಳಲಿ! ಆ ಮಾತು ಬರಲಿಲ್ಲ. ಇನ್ನು ಬರುವುದೂ ಇಲ್ಲ.

"ನನ್ನ ಕಂಡ್ರೆ ಹೆದರಿಕೆ ಆಗ್ತದಾ?" ಅವನು ನೆಲ ನೋಡುತ್ತ ಕೇಳಿದ.

"ಹುಡುಕಿದ ದಿನ ಆಗಿತ್ತು. ಈಗಲೂ ಸ್ವಲ್ಪ ಉಂಟು. ಇಲ್ಲ ಅಂದ್ರೆ ಸುಳ್ಳಾಗ್ತದೆ."

"ಮತ್ತೆ ಯಾಕೆ ಬಂದ್ರಿ?"

"ನೀವು ಬರದ ಇಷ್ಟೂ ದಿನ ಅದಕ್ಕಿಂತ ಹೆಚ್ಚು ಹೆದರಿಕೆ ಆಯ್ತು!" ತಡೆಯಲಾರದೆ ಕಣ್ಣು ತುಂಬಿತು. "ಅಷ್ಟಕ್ಕೂ ಕುತೂಹಲಕ್ಕೆ ಹುಡುಕಲಿಲ್ಲ ನಾನು. ಮನಸ್ಸು ಆಗಲೇ ನಿಮ್ಮ ಕಡೆ ಬಂದಿತ್ತು... ಎಲ್ಲಿಗೆ ಹೋಗ್ತಿದೆ ಅಂತ ನೋಡ್ಬೇಕಿತ್ತು. ಅಷ್ಟೇ."

ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಫಾಸ್ಟ್ ಟ್ರೇನೊಂದು ಧಡಧಡಿಸಿ ಹೋಯಿತು. ಸದ್ದು ಅಡಗುವವರೆಗೂ ಅವನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದ.

"ನನಗೂ..." ಎಂದ. ಮುಖ ಆಚೆ ತಿರುಗಿಸಿ ಭುಜಕ್ಕೆ ಕಣ್ಣೊರೆಸಿಕೊಂಡ. "ನನಗೂ ಹಾಗೇ. ಆದ್ರೆ ನಿಮ್ಮ ಮನೆಯವರು?"

"ಅಮ್ಮನಿಗೆ ಎಲ್ಲ ಹೇಳ್ತೇನೆ. ಭುಜಂಗನ ವಿಷಯವೂ."

"ಅಳ್ತಾರೆ."

"ಅಳ್ತಾರೆ. ಬೈತಾರೆ. ಬಾಗಿಲು ಹಾಕಿದ್ರೂ ಹಾಕಿದ್ರು. ಅವರು ಕೇಳಿದ್ದಕ್ಕೆಲ್ಲ ನೀವೇ ಉತ್ತರ ಕೊಡ್ಬೇಕು, ಈಗ ನನಗೆ ಕೊಟ್ಟ ಹಾಗೆ. ಬರ್ತೀರಾ?"

"ಯಾವಾಗ?"

"ಇವತ್ತೇ. ಇಲ್ಲದಿದ್ರೆ ನನಗೆ ಧೈರ್ಯ ಸಾಲೋದಿಲ್ಲ."

ಅವನು ತನ್ನ ನೆನೆದ ಅಂಗಿಯನ್ನು ನೋಡಿಕೊಂಡ.

"ತಡೀರಿ. ಒಳ್ಳೆ ಅಂಗಿ ಒಂದುಂಟು, ಹಾಕಿ ಬರ್ತೇನೆ."

ಪ್ರೇಕ್ಷಾ ಮೊದಲ ಬಾರಿ ಅವನ ಒದ್ದೆ ಕೈ ಹಿಡಿದಳು.

"ಬೇಡ. ಹೀಗೇ ಬನ್ನಿ."