ಕರಗದ ಸೀಸ

ಕಬ್ಬು ಕಡಿಯುವ ಕೊಯ್ತಾದ ಅಲಗು ನನ್ನ ಕುತ್ತಿಗೆಗೆ ತಾಗಿತ್ತು.

ನನಗೆ ಕೊಯ್ತಾದ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ನನ್ನ ಎಡಗೈಯಲ್ಲಿದ್ದ ಮೀಟರಿನದು. ಅದು ಟಿಕ್... ಟಿಕ್... ಎಂದು ನಿಧಾನವಾಗಿ ಬಡಿದರೆ ಬದುಕು. ಬಡಿತಗಳು ಒಂದಕ್ಕೊಂದು ಅಂಟಿಕೊಂಡು ಕೂಗತೊಡಗಿದರೆ...

ಶಹಾಪುರದ ಗುಜರಿ ಅಂಗಡಿ. ಮಟಮಟ ಮಧ್ಯಾಹ್ನ. ಬಾಜು ಓಣಿಯಲ್ಲಿ ಮಗ್ಗಗಳ ಸದ್ದು. ಕೂಗಿಕೊಂಡರೂ ಯಾರಿಗೂ ಕೇಳುವಂತಿರಲಿಲ್ಲ.

"ಪೊಲೀಸೇನು?" ಗುಜರಿಯ ಬಾಳೇಶ ಕೇಳಿದ.

"ಪೊಲೀಸ್ ಕೆಲಸ ಬಿಟ್ಟು ಬಾಳ ದಿನ ಆತು. ಈಗ ಕಳದದ್ದು ಹುಡುಕಿ ಕೊಡ್ತೀನಿ. ಹೆಸರು ಕಲ್ಲಯ್ಯ. ಕೊಯ್ತಾ ತಗಿ, ಗಡ್ಡ ಮುಂಜಾನೆನ ಮಾಡ್ಕೊಂಡೇನಿ."

"ಏನು ಕಳದೈತಿ?"

"ಹಳದಿ ಡಬ್ಬಿ. ಮ್ಯಾಲೆ ಹಿಡಿಕಿ, ಮೂರು ಎಸಳಿನ ಕರೀ ಗುರುತು. ನೋಡಾಕ ಸಣ್ಣದು, ಎತ್ತಾಕ ಹೋದ್ರ ನಡ ಮುರೀತೈತಿ. ಫೌಂಡ್ರಿ ಮುಂದ ನಿಂತ ಜೀಪಿನಿಂದ ಹೋಗೇತಿ."

ಅವನ ಕೈ ಸಡಿಲಾಯಿತು.

"ಅದು ಸೀಸ ಅಲ್ಲೇನ್ರಿ? ಅಷ್ಟು ಭಾರ ಅಂದ್ರ ಸೀಸನ."

"ಒಡದೇನು?"

"ಗರಗಸ ಹಚ್ಚಿದೆ. ಮ್ಯಾಲಿನ ತಗಡು ಹರೀತು, ಒಳಗ ಹೋಗಲಿಲ್ಲ. ಕಿಡಿ ಹಾರಿದ್ವು... ಬ್ಲೇಡ ಮುರೀತು."

ಸೀಸ ಕೊಯ್ದರೆ ಕಿಡಿ ಹಾರುವುದಿಲ್ಲ!

"ಎಲ್ಲಿ ಐತಿ ಈಗ?"

"ದೇವರಿಗೆ ಕೊಟ್ಟೆ."

ಖಾನಾಪುರದಾಚೆ ಅವನ ಊರು. ಅಂದು ಅಲ್ಲಿಯ ಬಸದಿಗೆ ಹೊಸ ಕಳಸ ಏರುವುದಿತ್ತು. ಕಳಸದ ಕಂಬಿಯನ್ನು ಕಲ್ಲಿನ ಕುಳಿಯಲ್ಲಿ ನಿಲ್ಲಿಸಿ ಸುತ್ತ ಕಾಸಿದ ಸೀಸ ಎರೆಯುತ್ತಾರೆ. ಮನೆಗೊಂದು ಹಿಡಿ ಸೀಸ ಕೊಡುವುದು ಆ ಊರಿನ ವಾಡಿಕೆ. ಎಲ್ಲಿಂದ ತಂದೆ ಎಂದು ಯಾರನ್ನೂ ಕೇಳುವಂತಿಲ್ಲ. ಕೊಟ್ಟದ್ದನ್ನು ತಿರುಗಿ ಒಯ್ಯುವಂತಿಲ್ಲ.

"ಕದ್ದ ಮಾಲು ದೇವರಿಗೆ?"

"ಅರ್ಧಾ ಪಾಪರೆ ಕಳೀಲಿ ಅಂತ್ರೀ..."

"ಅಲ್ಲಿ ನಿಮ್ಮವರು ಯಾರ್ ಅದಾರ?"

"ನಮ್ಮವ್ವ. ತಾರಾಬಾಯಿ. ಸೀಸ ಕಾಸೂದು ಅಕೀನ ಮುಂದ ನಿಂತು ಮಾಡಸ್ತಾಳ."

"ಕೊಯ್ತಾ ಒಗದು ಗಾಡಿ ಹತ್ತು. ಅದು ಸೀಸ ಅಲ್ಲೋ ಹುಚ್ಚಾ!"

ಹೊರಗೆ ಕಾರಿನಲ್ಲಿ ಶ್ರೇಯಸ ಕಾದಿದ್ದ. ಕಿರಣ ಹಾಯಿಸಿ ಎರಕದ ಒಳಗಿನ ಬಿರುಕಿನ ಫೋಟೋ ತೆಗೆಯುವುದು ಅವನ ಕೆಲಸ. ಆ ಡಬ್ಬಿ ಅವನ ಕ್ಯಾಮೆರಾ; ಅದರ ಕಿರಣ ಅಳೆಯಲು ಅವನೇ ಕೊಟ್ಟದ್ದು ನನ್ನ ಕೈಯ ಮೀಟರು. ಹಿಂದಿನ ದಿನ ಚಹಾ ಕುಡಿಯಲು ಇಳಿದಾಗ ಡಬ್ಬಿ ಜೀಪಿನಿಂದ ಹೋಗಿತ್ತು. ಬೆಳಿಗ್ಗೆ ಅಳುತ್ತ ನನ್ನ ಮನೆಗೆ ಬಂದಿದ್ದ. ಪೊಲೀಸರಿಗೆ ಹೇಳಿದರೆ ಕೈಕಾಲು ಮುರಿಸುತ್ತೇನೆಂದು ಅವನ ಮಾಲೀಕ ಹೆದರಿಸಿದ್ದನಂತೆ.

ನಾನು ಕಾರು ಹತ್ತಿದವನೇ ಮೊದಲು ಪೊಲೀಸರಿಗೆ ಫೋನ್ ಮಾಡಿದೆ. ಹೊರಟೆವು ಎಂದರು. ನಾವು ಅವರಿಗಿಂತ ಮುಂದಿದ್ದೆವು.

ಖಾನಾಪುರ ರಸ್ತೆ. ಶ್ರೇಯಸ ಕಾರು ಓಡಿಸುತ್ತಿದ್ದ.

"ಸೀಸಕ್ಕ ಉಗುರಿನಿಂದ ಗೀರು ಹಾಕಬಹುದು," ಅವನು ಬಾಳೇಶನಿಗೆ ಹೇಳಿದ. "ಒಲಿ ಮ್ಯಾಲೆ ಇಟ್ರ ಬೆಣ್ಣಿ ಹಂಗ ಕರಗತೈತಿ. ಬ್ಯಾಟರಿಗೆ ಹಾಕ್ತಾರ, ಮೀನಿನ ಬಲಿಗೆ ಕಟ್ತಾರ. ನೀ ಕದ್ದದ್ದು ಯುರೇನಿಯಂ."

ಬಾಳೇಶ ಬಾಗಿಲಿಗೆ ಅಂಟಿಕೊಂಡ. "ಬಾಂಬಿಂದರೀ?"

"ಅಲ್ಲ. ಬಾಂಬಿಗೆ ಬೇಕಾದ ಸತ್ವ ತಗದದ್ದು. ಸೀಸಕ್ಕಿಂತ ಒಂದೂಮುಕ್ಕಾಲು ಪಟ್ಟು ಭಾರ, ಉಕ್ಕಿನಂಗ ಬಿರುಸು. ಉಜ್ಜಿದ್ರ ಕಿಡಿ ಹಾರ್ತಾವ. ಅಷ್ಟ ಕಾವಲಿಗೆ ಸೀಸ ಹಾಕಿದ್ರ ಡಬ್ಬಿ ಎತ್ತಾಕ ಬರೂದಿಲ್ಲ, ಅಷ್ಟು ದೊಡ್ಡದಾಗತೈತಿ. ಅದಕ್ಕ ಇದು. ಯುರೇನಿಯಂ ಬರೇ ಕಾವಲುಗಾರ. ಖರೇ ಕೊಲೆಗಡುಕ ಒಳಗ ಅದಾನ."

"ಒಳಗ... ಯಾರ್ರೀ?"

"ಜ್ವಾಳದ ಕಾಳಿಗಿಂತ ಸಣ್ಣ ಇರಿಡಿಯಂ, ಹಗಲೂ ರಾತ್ರಿ ಕಿರಣ ಉಗಳತೈತಿ. ಒಂದು ತಂತಿ ಬಾಲದ ತುದಿಗೆ. ಅದು ಹೊರಗ ಬಿದ್ದು, ಹೊಳೀತೈತಿ ಅಂತ ಯಾರರೆ ಕಿಸೇದಾಗ ಇಟಗೊಂಡ್ರ..."

ನನ್ನ ಹೆಂಡತಿ ಬಾಳವ್ವನಿಗೆ ಆಸ್ಪತ್ರೆಯಲ್ಲಿ ಕ್ಯಾನ್ಸರಿಗೆ ಕಿರಣ ಕೊಟ್ಟಿದ್ದರು. ಅಳೆದು, ತೂಗಿ, ಬೇಕಾದ ಜಾಗಕ್ಕೆ ಮಾತ್ರ. ಅಷ್ಟಕ್ಕೇ ಅವಳ ಎದೆಯ ಚರ್ಮ ಸೀದ ರೊಟ್ಟಿಯ ಹಾಗಾಗಿತ್ತು. ಹೋದ ಶ್ರಾವಣದಲ್ಲಿ ಲಿಂಗೈಕ್ಯಳಾದಳು. ನಾನು ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡೆ. ಬಸವಾ... ಅಳತೆಯಿಲ್ಲದ ಆ ಬೆಂಕಿಯನ್ನು ಯಾರ ಮನೆಗೂ ಕಳಿಸಬೇಡ.

ಫೋನ್ ರಿಂಗಾಯಿತು.

"ಕಲ್ಲಯ್ಯಾರ, ನಾ ಓಂಕಾರ. ಶ್ರೇಯಸನ ಮಾಲೀಕರ ಕಡಿಯಾಂವ. ಸ್ವಲ್ಪ ಹಿಂದ ಹೊಳ್ಳಿ ನೋಡ್ರಿ."

ನೋಡಿದೆ. ಬಿಳಿ ಬೊಲೆರೊ. ಬೆನ್ನಿಗೇ ಇತ್ತು!

"ಡಬ್ಬಿ ನಮಗ ಬಿಡ್ರಿ," ಓಂಕಾರ ನಯವಾಗಿ ಹೇಳಿದ. "ಮಲಪ್ರಭಾ ಹೊಳಿಗೆ ಒಗೀತೀವಿ. ಡಬ್ಬಿನೂ ಇಲ್ಲ, ಕೇಸೂ ಇಲ್ಲ."

"ಆ ಹೊಳಿ ನೀರು ನಿಮ್ಮ ಮಾಲೀಕ ಕುಡಿಯೂದಿಲ್ಲೇನು?"

"ಮಾಲೀಕರು ಬಾಟ್ಲಿ ನೀರು ಕುಡೀತಾರ್ರೀ."

ಧಡ್!

ಬೊಲೆರೊ ಹಿಂದಿನಿಂದ ಗುದ್ದಿತು. ಗಾಜು ಒಡೆದು ನನ್ನ ಕೊರಳಿಗೆ ಸುರಿಯಿತು. ಮತ್ತೆ ಧಡ್! ಕಾರು ಗಟಾರದ ಅಂಚಿಗೆ ಜಾರಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು...

"ನುಗ್ಗಸು!" ಎಂದೆ.

"ಜಾಗಾ ಇಲ್ಲ ಕಾಕಾ!"

"ಇಲ್ಲದ ಜಾಗಾದಾಗ ನುಗ್ಗಸು!"

ಕಬ್ಬಿನ ಗರಿಗಳು ಕಿಟಕಿ ತೂರಿ ನನ್ನ ಮುಖ ಗೀರಿದವು. ನಾವು ದಾಟಿದೆವು. ಟ್ರ್ಯಾಕ್ಟರಿನವನು ಹೆದರಿ ಬ್ರೇಕ್ ಒತ್ತಿದ. ಟ್ರೇಲರು ಅಡ್ಡ ತಿರುಗಿ ರಸ್ತೆ ಮುಚ್ಚಿತು. ಬೊಲೆರೊ ಆಚೆ ಉಳಿಯಿತು.

ಸ್ವಲ್ಪ ಹೊತ್ತಿಗೆ ಮಾತ್ರ.

ಬಸದಿಯ ಅಂಗಳ. ಇದ್ದಿಲ ಕುಲುಮೆಯ ಮೇಲೆ ಕಡಾಯಿ. ಅದರಲ್ಲಿ ಊರಿನ ಸೀಸವೆಲ್ಲ ಕರಗಿ ಕನ್ನಡಿಯಂತೆ ಮಿನುಗುತ್ತಿತ್ತು. ಪಕ್ಕದಲ್ಲಿ ಮರಳಿನ ಮೇಲೆ ಡಬ್ಬಿ. ಹಳದಿ ಬಣ್ಣ ಸುಟ್ಟು ಕಪ್ಪಾಗಿತ್ತು. ಸುತ್ತ ಜನ... ಜನ...

ಮೀಟರಿನ ಬಡಿತ ಚುರುಕಾಯಿತು. ಟಿಕ್-ಟಿಕ್-ಟಿಕ್-ಟಿಕ್...

ಬಿಳಿ ಸೀರೆಯ ಮುದುಕಿ ಸಟ್ಟುಗ ಹಿಡಿದು ನಿಂತಿದ್ದಳು. ತಾರಾಬಾಯಿ.

"ಎಂಥಾ ಸೀಸ ಕೊಟ್ಟೀಯೋ ಬಾಳೇಶಾ? ಮುಂಜಾನಿಂದ ಬೆಂಕ್ಯಾಗ ಐತಿ, ಒಂದು ಹನಿ ಇಳಿಲಿಲ್ಲ. ನಿನ್ನಂಗ ಮೊಂಡ! ಈಗ ನೀರು ಹೊಡದು ಆರಿಸಿ ಅದರ ಕೀಲಿ ಒಡದೇವಿ. ಒಳಗ ತಂತಿ ತುದಿ ಕಾಣತೈತಿ."

ಒಬ್ಬ ಗಂಡಸು ಇಕ್ಕಳ ಹಿಡಿದು ಡಬ್ಬಿಯ ಮೇಲೆ ಬಾಗಿದ್ದ.

"ಎಳೀಬ್ಯಾಡ!"

ನನ್ನ ಕೂಗಿಗೆ ಪಾರಿವಾಳಗಳು ಹಾರಿದವು. ಇಕ್ಕಳ ಅವನ ಕೈಯಿಂದ ಬಿತ್ತು.

"ಎಲ್ಲಾರೂ ಗರ್ಭಗುಡಿ ಗ್ವಾಡಿ ಹಿಂದ ನಡೀರಿ!" ಶ್ರೇಯಸ ಚೀರಿದ. "ಇದು ವಿಷ ಐತ್ರೀ!"

ಜನ ಓಡಿದರು. ತಾರಾಬಾಯಿ ಕದಲಲಿಲ್ಲ. ಶ್ರೇಯಸ ಡಬ್ಬಿಯ ಒಡೆದ ಬಾಯಿಯನ್ನು ದೂರದಿಂದಲೇ ನೋಡಿ ನನ್ನ ತೋಳು ಹಿಡಿದ.

"ಸೀಸದ್ದಾಗಿದ್ದರ ಮುಂಜಾನೆನ ಕರಗಿ ಹರದು, ಕಾಳು ಇವರ ಕಾಲಾಗ ಬೀಳತಿತ್ತು ಕಾಕಾ. ಯುರೇನಿಯಂ ಅಂತ ತಡಕೊಂಡೈತಿ. ಆದ್ರ ಈಗ ಕೀಲಿ ಇಲ್ಲ. ಬಾಯಿ ಮ್ಯಾಲೆ ಇರೂತನಕ ಚಿಂತಿಲ್ಲ. ವಾಲಿದ್ರ... ಬಾಲ ಜಾರತೈತಿ."

ಅಷ್ಟರಲ್ಲಿ ಬೊಲೆರೊ ಬಂದು ನಿಂತಿತು.

ಓಂಕಾರ ಇಳಿದ. ಸೊಂಟದ ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ತೋರಿಸಿದ. ಅಲ್ಲಿ ಬಿದ್ದಿದ್ದ ಗೋಣಿಯನ್ನು ಕೈಗೆ ಸುತ್ತಿ, ಹಿಡಿಕೆ ಹಿಡಿದು ಡಬ್ಬಿ ಎತ್ತಿದ.

"ಮುಟ್ಟಬ್ಯಾಡೋ!" ಎಂದೆ.

"ಮುದುಕಪ್ಪಾ, ಹಾದಿ ಬಿಡು."

ಭಾರಕ್ಕೆ ಅವನ ಕೈ ಸೋತಿತು. ಡಬ್ಬಿ ವಾಲಿತು.

ಮೀಟರಿನ ಬಡಿತಗಳು ಅಂಟಿಕೊಂಡವು. ಈಗ ಅದು ಬಡಿತವಲ್ಲ, ಒಂದೇ ಕಿರುಚು!

"ನೆಟ್ಟಗ ಹಿಡಿ! ಸಾಯ್ತಿ! ಬಾಯಿ ಮ್ಯಾಲೆ ಮಾಡು!"

ಅವನು ನೆಟ್ಟಗೆ ಹಿಡಿದ. ಕಿರುಚು ತಗ್ಗಿತು. ಓಂಕಾರನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನ್ರೀ ಇದು? ಮಾಲೀಕರು ಮಷೀನು ಅಂದಿದ್ರು... ಇಳಸಲೇನ್ರಿ?"

"ಮೆಲ್ಲಕ. ಆ ಮರಳಿನ ಬುಟ್ಟಿಯೊಳಗ. ಕೈ ನಡಗಬಾರದು."

ಅವನು ಇಳಿಸಿದ. ನಾಲ್ಕು ಹೆಜ್ಜೆ ಹಿಂದೆ ಸರಿದು ಕುಸಿದು ಕುಳಿತ. ಪಿಸ್ತೂಲು ಸೊಂಟದಲ್ಲಿದೆ ಎಂಬುದೂ ಅವನಿಗೆ ನೆನಪಿರಲಿಲ್ಲ. ನಾನು ಹೋಗಿ ತೆಗೆದುಕೊಂಡೆ. ಸುಮ್ಮನೆ ಕೊಟ್ಟ.

ಈ ಬಾಯಿ ಮುಚ್ಚುವುದು ಹೇಗೆ? ನನ್ನ ಕಣ್ಣು ಕಡಾಯಿಗೆ ಹೋಯಿತು.

"ಆಯೀ, ಆ ಸೀಸ ಇದರ ಬಾಯಿಗೆ ಹಾಕಬೇಕು. ಎಲ್ಲಾ."

"ಅದು ದೇವರದು!" ತಾರಾಬಾಯಿ ಸಿಡಿದಳು. "ಮನಿಮನಿಯಿಂದ ಬಂದದ್ದು. ಕೊಟ್ಟದ್ದು ತಿರುಗಿ ಒಯ್ಯಾಕ ಬರೂದಿಲ್ಲ."

"ಒಯ್ಯೂದಿಲ್ರೀ. ಇಲ್ಲೇ ಎರೀತೀವಿ. ಯುರೇನಿಯಂ ಕರಗಲಿಲ್ಲ ಅಂತ ಇಷ್ಟೊತ್ತು ಉಳದೀರಿ. ಸೀಸ ಕರಗತೈತಿ ಅಂತ ಇನ್ನ ಮುಂದ ಉಳೀಬೇಕು."

ಅವಳು ಗೋಡೆಯ ಹಿಂದಿನ ಜನರನ್ನು ನೋಡಿದಳು. ಮಗನನ್ನು ನೋಡಿದಳು. ಗುಡಿಯ ಬಾಗಿಲಿಗೆ ಕೈಮುಗಿದಳು.

"ಕಳಸ ನಾಳೆ ಏರತೈತಿ. ಸರೀರಿ."

ಬಾಳೇಶ ಅವಳ ಕೈಯಿಂದ ಸಟ್ಟುಗ ಕಸಿದುಕೊಂಡ. "ನೀ ಹೋಗವ್ವಾ. ತಂದಾಂವ ನಾನು."

"ನೀರಿನ ಹನಿ ಉಳದಿದ್ರ ಸೀಸ ಸಿಡದು ಕಣ್ಣಿಗೆ ಬೀಳತೈತಿ," ಶ್ರೇಯಸ ಎಚ್ಚರಿಸಿದ.

ಬಾಳೇಶ ಅಂಗಿ ಕಳಚಿ ಡಬ್ಬಿ ಒರೆಸಿದ. ಬಾಯಲ್ಲಿ ಣಮೋಕಾರ ಮಂತ್ರ. ಉದ್ದನೆಯ ಸಟ್ಟುಗದಿಂದ ಮೊದಲ ಸೀಸ ಬಿತ್ತು. ಹೊಳೆಯಿತು... ಮಂಕಾಯಿತು... ಗಟ್ಟಿಯಾಯಿತು. ಮತ್ತೊಂದು. ಮತ್ತೊಂದು. ನಾನು ಮೀಟರ್ ಹಿಡಿದು ನಿಂತಿದ್ದೆ.

ಕಡಾಯಿ ಬರಿದಾಯಿತು.

ಟಿಕ್... ಟಿಕ್...... ಟಿಕ್.

ಪೊಲೀಸರು ಬಂದರು. ಮರುದಿನ ಮುಂಬೈಯಿಂದ ಅಧಿಕಾರಿಗಳು ಬಂದು ಆ ಗಡ್ಡೆಯನ್ನು ಉಕ್ಕಿನ ಪೆಟ್ಟಿಗೆಯಲ್ಲಿ ಒಯ್ದರು. ಓಂಕಾರ ಮಾಲೀಕನ ಹೆಸರನ್ನು ಕೇಳುವ ಮೊದಲೇ ಹೇಳಿದ. ನಮ್ಮೆಲ್ಲರ ರಕ್ತವನ್ನು ಈಗಲೂ ತಿಂಗಳಿಗೊಮ್ಮೆ ನೋಡುತ್ತಾರೆ. ಪ್ರತಿ ಸಲವೂ ಡಾಕ್ಟರು ಬಾಯಿ ತೆರೆಯುವ ತನಕ ನಾನು ಕರಡಿಗೆ ಬಿಡುವುದಿಲ್ಲ.

ಅಂದು ಪೊಲೀಸ್ ಜೀಪು ಹತ್ತುವ ಮುನ್ನ ಬಾಳೇಶ ನನ್ನತ್ತ ತಿರುಗಿದ. ಕೈಗೆ ಬೇಡಿ ಬಿದ್ದಿತ್ತು.

"ಕಲ್ಲಯ್ಯಾರ, ದೇವರು ನನ್ನ ದಾನ ತಗೊಂಡನೋ ಇಲ್ಲೋ?"

"ತಗೊಂಡಾನ," ಎಂದೆ. "ಪಾವತಿ ಚೀಟಿ ಹಿಂಡಲಗಾ ಜೇಲಿನಾಗ ಕೊಡ್ತಾರ."