ಸುಟ್ಟ ಹುಲ್ಲಿನಲ್ಲಿ ಇಪ್ಪತ್ತಮೂರು ಗೂಡು

ಬೆಳಗ್ಗೆ ಏಳಕ್ಕೆ ಅರಣ್ಯಾಧಿಕಾರಿ ಜೀಪಿನಿಂದ ಇಳಿದಾಗ, ರಾತ್ರಿ ಬೆಂಕಿ ಬಿದ್ದ ಹುಲ್ಲುಗಾವಲು ಇನ್ನೂ ಹೊಗೆಯಾಡುತ್ತಿತ್ತು. ನಲವತ್ತು ಎಕರೆ ಕರಕಲು. ಇಲಾಖೆಯ ಲೆಕ್ಕದ ಪ್ರಕಾರ, ನೆಲದ ಮೇಲೆ ಗೂಡು ಕಟ್ಟುವ ಅಪರೂಪದ ಹಕ್ಕಿಯ ಇಪ್ಪತ್ತಮೂರು ಗೂಡು ಅಲ್ಲೇ ಇದ್ದವು. ಪ್ರತಿ ಗೂಡಿನ ಪಕ್ಕ ನಂಬರು ಹಾಕಿದ ಕಬ್ಬಿಣದ ಗೂಟ. ನಾಳೆ ವನ್ಯಜೀವಿ ಸಮಿತಿಯವರು ಬಂದು ಗೂಡುಗಳನ್ನು ಕಣ್ಣಾರೆ ಕಂಡಿದ್ದರೆ ಹುಲ್ಲಿಗೂ ಪಕ್ಕದ ತೊರೆಗೂ ಕಾಯಂ ರಕ್ಷಣೆ ಸಿಗುತ್ತಿತ್ತು.

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಇಂಥ ಬೂದಿಯನ್ನು ಆಕೆ ಬಹಳ ತುಳಿದಿದ್ದಳು. ಸಿಟ್ಟು ಬರಲಿಲ್ಲ. ಮಂಡಿ ನೋಯುತ್ತಿತ್ತು.

“ಕುರಿಯವನನ್ನ ಹಿಡಿದು ಕೂರಿಸಿದ್ದೀನಿ ಮೇಡಂ,” ಎಂದ ಗಾರ್ಡು. “ಮೇಯಿಸೋಕೆ ಬಿಡಲಿಲ್ಲ ಅಂತ ‘ನಿಮ್ಮ ಹುಲ್ಲಿಗೆ ಬೆಂಕಿ ಬೀಳಲಿ’ ಅಂದಿದ್ದ. ನಾಲ್ಕು ಜನ ಕೇಳಿದ್ದಾರೆ.”

“ಬಾಯಲ್ಲಿ ಹಾಕಿದ ಬೆಂಕಿಗೆ ನಲವತ್ತು ಎಕರೆ ಸುಡಲ್ಲ ಕಣಯ್ಯ.”

“ಹಾಗಾದ್ರೆ ಸೈಟಿನ ದಲ್ಲಾಳಿ ಇರಬೇಕು. ಈ ಜಾಗದ ಮೇಲೆ ಅವನ ಕಣ್ಣು ಬಿದ್ದು ಬಹಳ ದಿನ ಆಯ್ತು.”

ರಸ್ತೆ ಬದಿಯ ಕಲ್ಲಿನ ಮೇಲೆ ಹಕ್ಕಿ ಮೇಷ್ಟ್ರು ಕೂತಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಹದಿನೆಂಟು ವರ್ಷ ಇಲ್ಲಿನ ಹಕ್ಕಿ ಎಣಿಸಿದವರು. ಗೂಡಿನ ಹತ್ತಿರ ಹೋಗಲು ಅವರೊಬ್ಬರಿಗೇ ಅಪ್ಪಣೆ.

“ಎಲ್ಲ ಹೋಯ್ತಮ್ಮ,” ಎಂದರು. ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ.

* * *

“ಬಡವನ ಸಿಟ್ಟು ದವಡೆಗೆ ಮೂಲ ಅಕ್ಕಾ,” ಎಂದ ಕುರಿಯವನು. “ರಾತ್ರಿಯೆಲ್ಲ ಪಶುವೈದ್ಯರ ಹತ್ತಿರ ಇದ್ದೆ. ಕುರಿ ಈಯೋಕೆ ಒದ್ದಾಡ್ತಿತ್ತು.”

ಆಕೆ ವೈದ್ಯರಿಗೆ ಫೋನ್ ಮಾಡಿದಳು. ಮಾತು ನಿಜ.

“ಅಲ್ಲ, ಆ ಹಕ್ಕಿ ಇನ್ನೂ ಇತ್ತಾ?” ಎಂದ ಅವನು ಏಳುತ್ತಾ. “ಅದರ ಕೂಗು ಕೇಳಿ ನನಗೆ ವರ್ಷಗಳೇ ಆದವು.”

* * *

ಮಧ್ಯಾಹ್ನವೆಲ್ಲ ಆಕೆ ಗೂಟದಿಂದ ಗೂಟಕ್ಕೆ ಹೋಗಿ ಬೂದಿ ಕೆದಕಿದಳು. ಕೊನೆಗೆ ತೊರೆಯ ದಂಡೆಗೆ ಬಂದು ನಿಂತಳು. ಉದ್ದಕ್ಕೂ ಎರಡು ಮಾರು ಅಗಲ ಹುಲ್ಲನ್ನು ಯಾರೋ ಕುಡುಗೋಲಿನಿಂದ ಕೊಯ್ದು, ನೆಲಕ್ಕೆ ನೀರು ಹೊಡೆದಿದ್ದರು. ಬೆಂಕಿ ಅಲ್ಲಿಗೇ ನಿಂತಿತ್ತು. ಆಚೆ ಕೆಸರಿನಲ್ಲಿ ನೀರುನಾಯಿಯ ಹಸಿ ಹೆಜ್ಜೆಗಳು.

* * *

ಸಂಜೆ ಮೇಷ್ಟ್ರ ಕೋಣೆ. ಮಂಚದ ಕೆಳಗೂ ನೋಟ್‌ಬುಕ್ಕುಗಳು.

“ಕುರಿಯವನನ್ನ ಬಿಟ್ಟುಬಿಟ್ಟೆ ಮೇಷ್ಟ್ರೇ.”

“ಹಾಗಾದ್ರೆ ದಲ್ಲಾಳಿ.”

“ದಲ್ಲಾಳಿ ಆಗಿದ್ರೆ ತೊರೆ ಸುಡದ ಹಾಗೆ ಹುಲ್ಲು ಕೊಯ್ದು ನೀರು ಹೊಡೀತಿರಲಿಲ್ಲ. ಗಾಳಿ ನಿಂತಿರೋ ಹೊತ್ತು ನೋಡಿ ಹಚ್ಚಿದ್ದಾರೆ. ಈ ನೆಲದ ಮೇಲೆ ಜೀವ ಇಟ್ಟುಕೊಂಡವರ ಕೆಲಸ ಇದು. ಕೈ ತೋರಿಸಿ.”

ಅಂಗೈ ತುಂಬ ಕುಡುಗೋಲಿನ ಬೊಬ್ಬೆ.

“ಇಪ್ಪತ್ತಮೂರು ಗೂಟದ ಬುಡಾನೂ ಕೆದಕಿದೆ. ಮೊಟ್ಟೆ ಸುಟ್ಟರೂ ಚಿಪ್ಪಿನ ಚೂರು ಉಳಿಯುತ್ತೆ. ಒಂದೂ ಸಿಗಲಿಲ್ಲ. ಗೂಡೇ ಇರಲಿಲ್ಲ, ಅಲ್ವಾ?”

ಮೇಷ್ಟ್ರು ಗೋಡೆಗೆ ಒರಗಿದರು.

“ಹಕ್ಕಿ ಇಲ್ಲ ಅಂದ್ರೆ ನೆಲ ಬಿಟ್ಟುಕೊಡ್ತಾರೆ. ಅದಕ್ಕೇ ಸುಳ್ಳು ಲೆಕ್ಕ ಬರೀತಾ ಬಂದೆ. ಸಮಿತಿಯವರು ಖಾಲಿ ಗೂಟ ನೋಡೋದಕ್ಕಿಂತ ಬೂದಿ ನೋಡಲಿ ಅನ್ನಿಸ್ತು. ಸುಟ್ಟ ಹುಲ್ಲು ಮತ್ತೆ ಚಿಗುರುತ್ತೆ. ಸೈಟಾದ್ರೆ ಚಿಗುರಲ್ಲ.”

“ಕುರಿಯವನು ಜೈಲಿಗೆ ಹೋಗ್ತಿದ್ದ.”

“ಅದನ್ನ ಯೋಚಿಸಲಿಲ್ಲ.” ತಲೆ ತಗ್ಗಿಸಿದರು. “ಯೋಚಿಸಿದ್ದೆ.”

ಆಕೆ ತನ್ನ ವರದಿ ಪುಸ್ತಕ ತೆಗೆದಳು. “ಬೆಂಕಿ ನಿಮ್ಮದು ಅಂತ ಬರೀತೀನಿ. ಹಕ್ಕಿ ಇಲ್ಲ ಅಂತ ಬರೀತೀನಿ. ತೊರೆಯಲ್ಲಿ ನೀರುನಾಯಿ ಇದೆ ಅಂತಲೂ ಬರೀತೀನಿ. ಸಮಿತಿ ಏನು ಮಾಡುತ್ತೋ ನನಗೆ ಗೊತ್ತಿಲ್ಲ. ಕೊನೇ ಹಕ್ಕಿ ನೋಡಿದ್ದು ಯಾವಾಗ? ನಿಜ ಹೇಳಿ.”

“ಐದು ವರ್ಷ ಆಯ್ತು. ಗಂಡು. ಒಂದೇ ಇತ್ತು. ಹದಿನೇಳು ದಿನ ಜೋಡಿಗಾಗಿ ಕೂಗ್ತು.”

ಆಕೆ ಅದನ್ನೂ ಬರೆದುಕೊಂಡಳು. ಪುಸ್ತಕ ಮುಚ್ಚಿ, ಮಂಡಿ ಹಿಡಿದುಕೊಂಡು ಎದ್ದಳು.

“ಚಪ್ಪಲಿ ಹಾಕ್ಕೊಳ್ಳಿ ಮೇಷ್ಟ್ರೇ. ಹೋಗೋಣ.”